ಬೆನ್ನಿನ ಕಡೆಯಿಂದ ಕಂಡ ಟೀವಿ

ನಮ್ಮ ಆಯಿ ಮೊಟ್ಟಮೊದಲ ಸಲ ಟೀವಿ ನೋಡಿದ್ದು ಅದರ ಬೆನ್ನಿನ ಕಡೆಯಿಂದ.

ಅಜ್ಜಿಗೆ ನಾವು ಆಯಿ ಅಂತೀವಿ. ಅವಳಿಗೀಗ ಎಪ್ಪತ್ತರ ಮೇಲೆ. ಎಷ್ಟು ಮೇಲೆ ಅನ್ನುವುದು ಅವಳಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿಗೂ ಗೊತ್ತಿಲ್ಲ. ಕಾರ್ಡಿನಲ್ಲಿ ಜನವರಿ ಒಂದು ಅಂತ ಬರೆದಿದ್ದಾರೆ. ನಮ್ಮ ಕೇರಿಯ ಅರ್ಧ ಜನ ಜನವರಿ ಒಂದಕ್ಕೇ ಹುಟ್ಟಿದವರು. ರಾಯಚೂರು ಜಿಲ್ಲೆಯ ನಮ್ಮೂರಿಗೆ ಟೀವಿ ಬಂದದ್ದು 1975ರಲ್ಲಿ. ಆಗ ಅವಳು ಎರಡು ವರ್ಷದ ನಮ್ಮಪ್ಪನನ್ನು ಬಗಲಲ್ಲಿ ಎತ್ತಿಕೊಂಡು ತಿರುಗುವ ಹುಡುಗಿ. ಶಾಲೆಯದು ಒಂದೇ ಕೋಣೆ. ಹಿಂದಿನ ಗೋಡೆಗೆ ಒಂದು ಕಿಟಕಿ. ಆ ಕಿಟಕಿಗೆ ಬೆನ್ನು ಕೊಟ್ಟು ಮೇಜಿನ ಮೇಲೆ ಪೆಟ್ಟಿಗೆ. ಒಳಗೆ ಜಮಖಾನೆಯ ಮೇಲೆ ಗೌಡರು, ಗೌಡರ ಮಂದಿ. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಉಳಿದ ಕುಲದವರು. ಹಿಂದೆ, ಕಿಟಕಿಯ ಆಚೆ, ಜಾಲಿ ಗಿಡದ ಬುಡದಲ್ಲಿ ನಮ್ಮವರು.

‘ಗೌಡ್ರ ಮಾರಿ ಬೆಳ್ಳಗ ಹೊಳಿತಿತ್ತೋ ತಮ್ಮಾ,’ ಅಂತಾಳೆ ಆಯಿ. ‘ಅವರು ನಕ್ಕಾಗ ನಾವೂ ನಗತಿದ್ವಿ. ಏನು ಬಂತಂತ ನಗತಾರ, ನಮಗೇನು ಗೊತ್ತು? ಪೆಟಗಿ ಬೆನ್ನು ನೋಡಕೋತ ಕುಂತೋರು ನಾವು. ಮಾತು ಕೇಳತಿತ್ತು. ಮಂದಿ ಮಾರಿ ಮ್ಯಾಲಿನ ಬೆಳಕು ಕಾಣತಿತ್ತು.’

ಸಣ್ಣವನಿದ್ದಾಗ ಇದನ್ನು ನೂರು ಸಲ ಕೇಳಿದ್ದೇನೆ. ಸುಳ್ಳು ಅಂತಲೇ ತಿಳಿದಿದ್ದೆ. ಬೆಂಗಳೂರಿಗೇ ಟೀವಿ ಇಲ್ಲದ ಕಾಲದಲ್ಲಿ ನಮ್ಮ ಬರಗಾಲದ ಊರಿಗೆ ಎಲ್ಲಿಂದ ಬರಬೇಕು? ಡಿಗ್ರಿಯ ಕೊನೆಯ ವರ್ಷ, ಕಾಲೇಜು ಲೈಬ್ರರಿಯಲ್ಲಿ ಬೇರೇನೋ ಹುಡುಕುವಾಗ, ‘ಸೈಟ್’ ಎಂಬ ಹೆಸರು ಸಿಕ್ಕಿತು. ಉಪಗ್ರಹದ ಮೂಲಕ ಶಿಕ್ಷಣ ಕೊಡುವ ಟೀವಿ ಪ್ರಯೋಗ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು: ರಾಜಸ್ಥಾನ, ಬಿಹಾರ, ಮಧ್ಯಪ್ರದೇಶ, ಒರಿಸ್ಸಾ, ಆಂಧ್ರ, ಕರ್ನಾಟಕ. ನಮ್ಮ ರಾಜ್ಯದಲ್ಲಿ ಗುಲ್ಬರ್ಗಾ, ಬಿಜಾಪುರ, ರಾಯಚೂರು. ಓದುತ್ತ ಓದುತ್ತ ಮೈ ಜುಮ್ಮೆಂದಿತು. ಆಯಿ ಸುಳ್ಳು ಹೇಳಿರಲಿಲ್ಲ. ನಾನು ಇತಿಹಾಸ ಓದಿರಲಿಲ್ಲ, ಅಷ್ಟೆ.

ಗೆಳೆಯರೇ, ಈ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದೂರದೂರದ ದೇಶಗಳು ಕೂಡಿ ವಿಜ್ಞಾನದ ಕೆಲಸ ಮಾಡುವುದೆಂದರೆ ಏನು ಅನ್ನುವುದಕ್ಕೆ ನಮ್ಮ ನೆಲದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣುವುದಿಲ್ಲ.

1969ರ ಸೆಪ್ಟೆಂಬರ್ 18ರಂದು ಅಮೆರಿಕದ ನಾಸಾಕ್ಕೂ ನಮ್ಮ ಅಣುಶಕ್ತಿ ಇಲಾಖೆಗೂ ಒಂದು ಒಪ್ಪಂದವಾಯಿತು. ಅವರ ಕಡೆಯಿಂದ ಥಾಮಸ್ ಪೇನ್, ನಮ್ಮ ಕಡೆಯಿಂದ ವಿಕ್ರಮ್ ಸಾರಾಭಾಯಿ. ಅಮೆರಿಕ ತನ್ನ ಉಪಗ್ರಹವನ್ನು ಒಂದು ವರ್ಷ ಬಿಟ್ಟುಕೊಡುವುದು. ನೆಲದ ಮೇಲಿನ ಸಲಕರಣೆ, ಕಾರ್ಯಕ್ರಮ, ಹಳ್ಳಿ, ಜನ ಎಲ್ಲ ಭಾರತದ್ದು. ಅವರ ಖರ್ಚು ಅವರಿಗೆ, ನಮ್ಮ ಖರ್ಚು ನಮಗೆ. ಸಾರಾಭಾಯಿ ಅದನ್ನು ನೋಡಲು ಉಳಿಯಲಿಲ್ಲ, 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಎಟಿಎಸ್-6 ಎಂಬ ಆ ಉಪಗ್ರಹ 1974ರ ಮೇ 30ರಂದು ಮೇಲೇರಿತು. ಮೊದಲ ವರ್ಷ ಅಮೆರಿಕದಲ್ಲೇ ಕೆಲಸ ಮಾಡಿ, ಆಮೇಲೆ ಮೆಲ್ಲಗೆ ಪೂರ್ವಕ್ಕೆ ಸರಿದು, ಆಫ್ರಿಕದ ಕೀನ್ಯಾದ ಕಡೆ, ನೆಲದಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಂತಿತು. ಅದರ ಆಂಟೆನ್ನಾ ಛತ್ರಿಯ ಹಾಗೆ ಬಿಚ್ಚಿಕೊಳ್ಳುವಂಥದ್ದು, 30 ಅಡಿ ಅಗಲ. ಅಷ್ಟು ದೊಡ್ಡ ಛತ್ರಿ ಮೇಲಿದ್ದುದರಿಂದಲೇ ಕೆಳಗೆ ಹಳ್ಳಿಯಲ್ಲಿ ಹತ್ತು ಅಡಿಯ ಜಾಲರಿ ಸಾಕಾಯಿತು. ಜಾಲರಿ ಅಂದರೆ ಕೋಳಿ ಸಾಕುವವರು ಕಟ್ಟುತ್ತಾರಲ್ಲ, ಅದೇ ತಂತಿ ಜಾಲರಿ. ನಮ್ಮವರು ಅದನ್ನು ‘ಜರಡಿ’ ಅಂತ ಕರೆದರು. ಆಕಾಶದಿಂದ ಬಿದ್ದ ಮಾತನ್ನು ಸೋಸುವ ಜರಡಿ.

ಅಹಮದಾಬಾದಿನಿಂದ, ದಿಲ್ಲಿಯಿಂದ ಮೇಲಕ್ಕೆ ಕಳಿಸುತ್ತಿದ್ದರು. ಅದು ಉಪಗ್ರಹಕ್ಕೆ ಹೋಗಿ ಹಳ್ಳಿಗೆ ಇಳಿಯುತ್ತಿತ್ತು. ನಡುವೆ ಯಾವ ಗೋಪುರವೂ ಇಲ್ಲ, ಯಾವ ಪಟ್ಟಣದ ಹಂಗೂ ಇಲ್ಲ. ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಏರ್ಪಾಡಿತ್ತು. ಹಾಗಾಗಿ ಒಂದೇ ಚಿತ್ರಕ್ಕೆ ಗಡಿಯ ಆಚೆ ತೆಲುಗು, ಈಚೆ ಕನ್ನಡ. ಬೆಳಿಗ್ಗೆ ಒಂದೂವರೆ ತಾಸು ಶಾಲೆಯ ಮಕ್ಕಳಿಗೆ, ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕೂ ಭಾಷೆಗೆ ಹಂಚಿ. ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಆ ಕಾಲದಲ್ಲಿ ಜಗತ್ತಿನಲ್ಲಿ ಎಲ್ಲೂ ಇಷ್ಟು ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟೀವಿ ಇಳಿಸಿದವರು ಇರಲಿಲ್ಲ. ಅಮೆರಿಕಕ್ಕೆ ತನ್ನ ಯಂತ್ರ ಪರೀಕ್ಷಿಸಬೇಕಿತ್ತು. ನಮಗೆ ಯಂತ್ರ ಕಲಿಯಬೇಕಿತ್ತು. ಎರಡೂ ಆಯಿತು. ಇದನ್ನು ಬರೀ ಸಾಮ್ರಾಜ್ಯಶಾಹಿಯ ಹೂಟ ಎಂದು ತಳ್ಳಿಹಾಕುವ ಗೆಳೆಯರ ಜೊತೆ ನಾನು ಜಗಳ ಆಡಿದ್ದೇನೆ. ಟೀವಿ ಪೆಟ್ಟಿಗೆ ತಯಾರಾದದ್ದು ಹೈದರಾಬಾದಿನಲ್ಲಿ. ಜಾಲರಿಯ ವಿನ್ಯಾಸ ನಮ್ಮ ಎಂಜಿನಿಯರರದು. ಅಹಮದಾಬಾದಿನ ಕೇಂದ್ರಕ್ಕೆ ಆಗ ಯಶ್‌ಪಾಲ್ ಮುಖ್ಯಸ್ಥರು. ಪಟ್ಟಣ ಬಿಟ್ಟು ಹಿಂದುಳಿದ ಜಿಲ್ಲೆಗೇ ಮೊದಲು ಹೋಗಬೇಕೆಂದು ಹಟ ಹಿಡಿದ ಯೋಜನೆ ಇದು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಅದಕ್ಕೂ ಆರು ವರ್ಷ ಮೊದಲು ನಮ್ಮ ಜಿಲ್ಲೆಯ ಹಳ್ಳಿಗರು ಟೀವಿ ಕಂಡಿದ್ದರು. ಈ ಮಾತು ಹೇಳುವಾಗ ನನಗೂ ಒಂದಿಷ್ಟು ಜಂಬ ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ಈ ಸಹಕಾರದಲ್ಲಿ ನಮ್ಮ ಮನೆತನದ ಪಾಲೂ ಇದೆ. ನಾಸಾ ಉಪಗ್ರಹ ಕೊಟ್ಟಿತು, ಅಹಮದಾಬಾದು ಚಿತ್ರ ಕಳಿಸಿತು, ಜರಡಿ ನಿಲ್ಲಿಸಲು ಕುಣಿ ತೋಡಿದ್ದು ನಮ್ಮಜ್ಜ. ಗೌಡರ ಮನೆಯ ಜೀತಗಾರ ಅವನು. ‘ಶಾಲಿ ಹತ್ರ ಕುಣಿ ತೋಡಬೇಕು, ಹೋಗಲೇ’ ಅಂದರು, ಹೋದ. ಕೂಲಿ ಯಾರು ಕೊಡಬೇಕಿತ್ತೋ, ಯಾರ ಕಿಸೆಗೆ ಹೋಯಿತೋ, ಅವನಿಗಂತೂ ಎರಡು ರೊಟ್ಟಿ ಸಿಕ್ಕವು.

ಊರಿನ ಎಲ್ಲರಿಗೂ ಬರಲು ಆಗುವಂಥ ಸಾರ್ವಜನಿಕ ಜಾಗದಲ್ಲಿ ಟೀವಿ ಇಡಬೇಕು ಅನ್ನುವುದು ಯೋಜನೆಯ ಉದ್ದೇಶವಾಗಿತ್ತು. ಶಾಲೆ, ಪಂಚಾಯ್ತಿ ಕಟ್ಟಡ, ಇಂಥವು. ಸಾರ್ವಜನಿಕ! ಈ ಒಂದು ಪದದಲ್ಲಿ ನಮ್ಮ ದೇಶದ ವಿಜ್ಞಾನಿಗಳೆಲ್ಲ ಮುಗ್ಗರಿಸಿ ಬೀಳುತ್ತಾರೆ. ಊರ ಭಾವಿ ಸಾರ್ವಜನಿಕ, ಊರ ಗುಡಿ ಸಾರ್ವಜನಿಕ, ಚಾದ ಅಂಗಡಿ ಸಾರ್ವಜನಿಕ. ಅಹಮದಾಬಾದಿನಲ್ಲಿ ಕುಳಿತವರಿಗೆ ಶಾಲೆಯ ಕೋಣೆ ಅಂದರೆ ನಾಲ್ಕು ಗೋಡೆ, ಒಂದು ಬಾಗಿಲು. ನಮಗೆ ಆ ಬಾಗಿಲು ಎಲ್ಲಿಂದ ಶುರುವಾಗುತ್ತದೆ ಅಂತ ಗೊತ್ತು: ಕೇರಿಯ ಬಾಯಿಯಿಂದ. ಕೀನ್ಯಾದ ಮೇಲಿನ ಆಕಾಶದಿಂದ 36,000 ಕಿಲೋಮೀಟರು ಇಳಿದು ಬಂದ ಬೆಳಕು ನಮ್ಮೂರ ಶಾಲೆಯ ಕೋಣೆಯಲ್ಲಿ ನಿಂತಿತು. ಅಲ್ಲಿಂದ ಕಿಟಕಿಗೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆ ಅಳೆಯುವ ಯಂತ್ರ ಎರಡೂ ದೇಶದವರ ಹತ್ತಿರ ಇರಲಿಲ್ಲ.

ಅಜ್ಜನ ತಮ್ಮ ಆಗ ನಾಲ್ಕನೆತ್ತೆ. ಹಗಲು ಹೊತ್ತು ಅವನಿಗೆ ಕೋಣೆಯೊಳಗೆ ಜಾಗವಿತ್ತು, ಕೊನೆಯ ಸಾಲಿನಲ್ಲಿ, ಗೋಡೆಗೆ ಬೆನ್ನು ಹಚ್ಚಿ. ನಮ್ಮ ಕೇರಿಯಲ್ಲಿ ಟೀವಿಯ ಮುಖ ನೋಡಿದವನು ಅವನೊಬ್ಬನೇ ಅನ್ನಬೇಕು. ಸಂಜೆ ಕತ್ತಲಲ್ಲಿ ಕಿಟಕಿಯ ಹೊರಗೆ ಕುಂತಾಗ, ಒಳಗಿನಿಂದ ಬರುವ ಮಾತು ಕೇಳಿ, ‘ಈಗ ಎತ್ತು ಬಂದಿರಬೇಕು, ಈಗ ಡಾಕ್ಟರ ಬಾಯಿ ಬಂದಿರಬೇಕು’ ಅಂತ ಹತ್ತು ವರ್ಷದ ಆ ಹುಡುಗ ಎಲ್ಲರಿಗೂ ಹೇಳುತ್ತಿದ್ದನಂತೆ. ಕಾಣದ್ದನ್ನು ಕಟ್ಟಿ ಹೇಳುತ್ತಿದ್ದ. ಕವಿತೆ ಬರೆಯುವ ಚಟ ನನಗೆ ಯಾರಿಂದ ಬಂತು ಅಂತ ಕೇಳಿದವರಿಗೆ ನಾನು ಈ ಚಿಕ್ಕಜ್ಜನ ಹೆಸರು ಹೇಳುತ್ತೇನೆ. ಏಳನೆತ್ತೆಗೆ ಶಾಲೆ ಬಿಟ್ಟ, ಕೊನೆತನಕ ಕಲ್ಲು ಒಡೆದ.

ಬಂದದ್ದಾದರೂ ಏನು? ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ. ತುರ್ತು ಪರಿಸ್ಥಿತಿ ಹೇರಿದ್ದು 1975ರ ಜೂನ್ 25. ಸೈಟ್ ಶುರುವಾದದ್ದು ಆಗಸ್ಟ್ 1. ನಡುವೆ 37 ದಿನ. ಆ ವರ್ಷವೆಲ್ಲ ದಿಲ್ಲಿ ಮಾತಾಡುವುದು, ಹಳ್ಳಿ ಕೇಳುವುದು. ಆಯಿಯ ಟೀಕೆ ನಾನು ಯಾವ ಪುಸ್ತಕದಲ್ಲೂ ಓದಿಲ್ಲ: ‘ಹೊಲಕ್ಕ ಏನು ಹಾಕಬೇಕಂತ ದಿನಾ ಹೇಳತಿದ್ರು. ಹೊಲ ಎಲ್ಲಿಂದ ತರಬೇಕಂತ ಒಂದಿನಾನೂ ಹೇಳಲಿಲ್ಲ.’ ಜೀತ ಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ಹೊರಟದ್ದೂ ಅದೇ 1975ರ ಅಕ್ಟೋಬರಿನಲ್ಲಿ; ಮುಂದಿನ ವರ್ಷ ಕಾಯ್ದೆಯಾಯಿತು. ಆ ಸುದ್ದಿ ಪೆಟ್ಟಿಗೆಯಲ್ಲಿ ಬಂತೇ ಅಂತ ಆಯಿಯನ್ನು ಕೇಳಿದೆ. ‘ಬಂದಿದ್ರ ಗೌಡ್ರ ಮಾರಿ ಮ್ಯಾಲ ಕಾಣತಿತ್ತಲ್ಲ’ ಅಂದಳು. ನಮ್ಮಜ್ಜ ಜೀತ ಬಿಟ್ಟದ್ದು ಅದಾಗಿ ಒಂಬತ್ತು ವರ್ಷಕ್ಕೆ.

ಒಬ್ಬ ಮಾಸ್ತರನ ಸಂಗತಿ ಹೇಳಲೇಬೇಕು. ಈ ಪತ್ರಿಕೆ ಓದುವವರಲ್ಲಿ ಹಳ್ಳಿ ಶಾಲೆಯ ಮೇಷ್ಟ್ರುಗಳು ಬಹಳ ಇದ್ದೀರಿ. ಬೇರೆ ತಾಲ್ಲೂಕಿನಿಂದ ಬಂದ ಹುಡುಗ ಅವನು, ಯಾವ ಜಾತಿಯೋ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ, ಅದೂ ಒಂದು ಸಿಟ್ಟು ಊರಿಗೆ. ಪೆಟ್ಟಿಗೆಯ ಬೀಗದಕೈ ಅವನ ಹತ್ತಿರ. ದೀಪಾವಳಿ ಆದ ಮೇಲಿನ ಒಂದು ಸಂಜೆ ಕಾರ್ಯಕ್ರಮ ಶುರುವಾಗುವ ಮುಂಚೆ ಅವನು ಮೇಜನ್ನು ಎಳೆದು ಪಕ್ಕದ ಗೋಡೆಗೆ ಹಚ್ಚಿದ. ದೊಡ್ಡ ಕ್ರಾಂತಿಯೇನಲ್ಲ. ಪೆಟ್ಟಿಗೆಯ ಮುಖ ಈಗ ಒಳಗಿನವರಿಗೂ ಕಾಣುತ್ತಿತ್ತು, ಕಿಟಕಿಯವರಿಗೂ ಓರೆಯಾಗಿ ಕಾಣುತ್ತಿತ್ತು. ‘ಅವತ್ತು ಒಂದು ಹುಡುಗಿ ಹಾಡತಿದ್ಳು. ನಿಚ್ಚಳ ಕಂಡ್ಳು. ಮೂಗಬಟ್ಟು ಸೈತ ಕಂಡೀನಿ,’ ಅಂತಾಳೆ ಆಯಿ. ಮರುದಿನ ಮೇಜು ಮೊದಲಿನ ಜಾಗಕ್ಕೇ ಹೋಯಿತು. ಬೀಗದಕೈ ಬೇರೆಯವರ ಉಡದಾರಕ್ಕೆ ಹೋಯಿತು. ಮಾಸ್ತರ ಬೇಸಿಗೆ ರಜೆಗೆ ಹೋದವನು ತಿರುಗಿ ಬರಲಿಲ್ಲ. ವರ್ಗ ಆಯಿತು ಅಂದರು. ಆ ಒಂದು ಸಂಜೆಯನ್ನು ಆಯಿ ಐವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಗೌಡರ ಬೈಗುಳ ಅಷ್ಟೊಂದು ನೆನಪಿಲ್ಲ. ಮೂಗಬಟ್ಟು ನೆನಪಿದೆ.

1976ರ ಜುಲೈ 31ಕ್ಕೆ ವರ್ಷ ತುಂಬಿತು. ಉಪಗ್ರಹ ಅಮೆರಿಕದ್ದು, ಅಮೆರಿಕಕ್ಕೆ ಹೊರಟಿತು. ಮರುವರ್ಷ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಅದರ ಅಳತೆಯೊಳಗೆ ನಮ್ಮೂರು ಬರಲಿಲ್ಲ. ಪೆಟ್ಟಿಗೆ ಮೂಕಾಯಿತು. ಜರಡಿ ಕೆಲವು ವರ್ಷ ಶಾಲೆಯ ಮುಂದೆ ಆಕಾಶ ನೋಡುತ್ತ ನಿಂತಿತ್ತಂತೆ, ಆಮೇಲೆ ಯಾರೋ ಬಿಚ್ಚಿ ಒಯ್ದರು. ಕೋಳಿ ಜಾಲರಿ ಕೊನೆಗೆ ಕೋಳಿಗೇ ಸೇರಿತು. ಕೊಳಂಬೊದಲ್ಲಿದ್ದ ಲೇಖಕ ಆರ್ಥರ್ ಕ್ಲಾರ್ಕ್, ಇಂಥ ಉಪಗ್ರಹಗಳ ಲೆಕ್ಕವನ್ನು 1945ರಲ್ಲೇ ಬರೆದವನು. ಆ ಗೌರವಕ್ಕೆ ಭಾರತ ಸರ್ಕಾರ ಅವನ ಮನೆಗೇ ಎಂಜಿನಿಯರರನ್ನು ಕಳಿಸಿ ಒಂದು ಆಂಟೆನ್ನಾ ಹಾಕಿಸಿಕೊಟ್ಟಿತ್ತು. ನನಗೆ ಅವನ ಮೇಲೆ ಹೊಟ್ಟೆಕಿಚ್ಚಿಲ್ಲ. ಸಮುದ್ರ ದಾಟಿ ಕೊಳಂಬೊಗೆ ಹೋಗುವುದು ಸರ್ಕಾರಕ್ಕೆ ಸುಲಭವಿತ್ತು ಅಂತ ಮಾತ್ರ ಅನ್ನುತ್ತೇನೆ.

ದೇಶಕ್ಕೆ ಇದರಿಂದ ಲಾಭವಾಗಿಲ್ಲವೇ? ಆಗಿದೆ. ಮುಂದಿನ ಇನ್‌ಸ್ಯಾಟ್ ಸರಣಿಗೆ, 1983ರಲ್ಲಿ ಮೇಲೇರಿದ ಇನ್‌ಸ್ಯಾಟ್-1ಬಿಗೆ, ಈ ಅನುಭವವೇ ತಳಪಾಯ. ಆಗ ಮಾನವಶಾಸ್ತ್ರ ಓದಿದವರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಇದ್ದು, ಟೀವಿಯಿಂದ ಜನರಲ್ಲಿ ಏನಾಯಿತು ಅಂತ ಬರೆದಿಟ್ಟಿದ್ದಾರೆ. ಅಂಥ ಎಚ್ಚರ ಇವತ್ತಿನ ಕಂಪನಿಗಳಿಗೆ ಇಲ್ಲ. ನಮ್ಮೂರಿಗೆ ಅವರು ಯಾರೂ ಬರಲಿಲ್ಲ, ಅದು ನಮ್ಮ ದುರದೃಷ್ಟ. ಆ ಉಪಗ್ರಹದಲ್ಲಿ ಹಳ್ಳಿಯಿಂದ ಮೇಲಕ್ಕೆ ಹೋಗುವ ದಾರಿ ಇರಲಿಲ್ಲ. ಇಳಿಯುವುದು ಮಾತ್ರ ಇತ್ತು.

ದೂರದ ದೇಶ ನಮ್ಮ ಶತ್ರು ಅನ್ನುವವನು ನಾನಲ್ಲ. ನಮ್ಮ ಜನಕ್ಕೆ ಎಷ್ಟೋ ಸಲ ಊರ ಭಾವಿಗಿಂತ ನ್ಯೂಯಾರ್ಕೇ ಹತ್ತಿರ. 1913ರಲ್ಲಿ ಬರೋಡದ ವಿದ್ಯಾರ್ಥಿವೇತನದಲ್ಲಿ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದೂ ಎರಡು ದೂರದ ನೆಲಗಳ ಸಹಕಾರವೇ. ಅಲ್ಲಿ ಕುಂತು ಓದಿದ ಮನುಷ್ಯ ತಿರುಗಿ ಬರೋಡಕ್ಕೆ ಬಂದಾಗ ಇರಲು ಮನೆ ಸಿಗಲಿಲ್ಲ. ಜಾತಿಯೂ ಪ್ರಯಾಣ ಮಾಡುತ್ತದೆ ಅನ್ನಿ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯ ನಿಷೇಧಿಸುವ ಕಾನೂನು ಮಾಡಬೇಕಾಯಿತು. ಕಂಪ್ಯೂಟರ್ ಕಂಪನಿಗಳ ಊರು ಅದು. ಅಲ್ಲಿಗೆ ಅದನ್ನು ಒಯ್ದವರು ಯಾರು ಅಂತ ಹೇಳಬೇಕಾಗಿಲ್ಲ.

ಈಗ ನನ್ನ ಸರದಿ. ಮೇಲಕ್ಕೆ ಹೋಗುವ ದಾರಿ ನನ್ನ ಕಾಲಕ್ಕೆ ತೆರೆಯಿತು, ಅದರಲ್ಲಿ ನಾನೂ ಕೂಲಿ ಮಾಡಿದೆ.

ಕಂಪ್ಯೂಟರಿಗೆ ಕನ್ನಡ ಕೇಳಿಸಿಕೊಳ್ಳುವುದನ್ನು ಕಲಿಸುವ ಸಂಶೋಧನೆ ನಡೆದಿದೆ. ಕಲಿಸುವುದು ಹೇಗೆಂದರೆ, ಸಾವಿರಾರು ಜನರ ಧ್ವನಿ ಹಿಡಿಯಬೇಕು, ಪ್ರತಿ ಧ್ವನಿಗೂ ಅಕ್ಷರದಲ್ಲಿ ಬರೆದ ಜೋಡಿ ಕೊಡಬೇಕು. ಆ ಜೋಡಿಗಳನ್ನು ಉಂಡುಂಡು ಯಂತ್ರ ಕಲಿಯುತ್ತದೆ. ಉಣಿಸದೆ ಬಿಟ್ಟದ್ದು ಅದಕ್ಕೆ ಕೇಳುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಗೂಗಲ್ ಕಂಪನಿಯೂ ಸೇರಿ 2022ರಲ್ಲಿ ಸಾರಿದ ‘ವಾಣಿ’ ಎಂಬ ಕೆಲಸ ಇದೆ. ಭಾಷೆಯ ಪಟ್ಟಿ ಹಿಡಿಯದೆ ಜಿಲ್ಲೆ ಜಿಲ್ಲೆಗೂ ಹೋಗಿ, ಜನಕ್ಕೆ ಚಿತ್ರ ತೋರಿಸಿ, ಕಂಡದ್ದನ್ನು ಅವರ ಮಾತಿನಲ್ಲೇ ಹೇಳಿಸಿ, ಅದನ್ನು ಯಾರು ಬೇಕಾದರೂ ಬಳಸುವ ಹಾಗೆ ಬಿಡುವುದು. ಯೋಚನೆ ಒಳ್ಳೆಯದು. ನಾನು ಕೆಲಸ ಮಾಡಿದ್ದು ಅದರಲ್ಲಲ್ಲ, ಬೇರೊಂದು ಕಡೆ, ಹೆಸರು ಬೇಡ. ಧ್ವನಿ ಹಳ್ಳಿಯದು, ಲೆಕ್ಕ ಪಟ್ಟಣದ್ದು, ಯಂತ್ರ ಸಮುದ್ರದಾಚೆಯದು. ಹಾಸ್ಟೆಲಿನಲ್ಲಿ ಕುಂತು, ಕಿವಿಗೆ ತಂತಿ ಹಾಕಿಕೊಂಡು, ಕೇಳಿದ್ದನ್ನು ಬರೆಯುವುದು ನನ್ನ ಪಾಲು. ನಿಮಿಷಕ್ಕಿಷ್ಟು ಅಂತ ದುಡ್ಡು.

ಮೂರನೆಯ ದಿನ ಒಬ್ಬ ಹೆಣ್ಣುಮಗಳ ಧ್ವನಿ ಬಂತು. ನಮ್ಮ ಕಡೆಯದೇ. ‘ನಾ ಹೋಗೀನ್ರಿ, ಅವ್ರು ಕೊಟ್ಟಿಲ್ರಿ’ ಅಂದಳು. ರೇಷನ್ ಮಾತು ಇರಬೇಕು. ಅವಳು ಹೇಳಿದ ಹಾಗೇ ಬರೆದೆ. ತಪ್ಪು ಅಂತ ತಿರುಗಿ ಬಂತು. ‘ಶಿಷ್ಟ ಕನ್ನಡದಲ್ಲಿ ಬರೆಯಿರಿ’ ಎಂದು ಟಿಪ್ಪಣಿ. ಆ ತಿಂಗಳ ಮೆಸ್ಸಿನ ಬಿಲ್ಲು ಕಣ್ಣ ಮುಂದೆ ಬಂತು. ‘ನಾನು ಹೋಗಿದ್ದೇನೆ, ಅವರು ಕೊಟ್ಟಿಲ್ಲ’ ಅಂತ ತಿದ್ದಿದೆ. ಸರಿ ಅಂತ ಬಂತು. ಆಮೇಲೆ ಯಾರೂ ಹೇಳಬೇಕಾಗಲಿಲ್ಲ, ನಾನೇ ತಿದ್ದತೊಡಗಿದೆ. ಕೈ ಪಳಗಿತು. ‘ಬಂದಾನ’ ಬಂದರೆ ‘ಬಂದಿದ್ದಾನೆ’, ‘ತೆಳಗ’ ಬಂದರೆ ‘ಕೆಳಗೆ’. ಇನ್ನೊಂದು ನಿಯಮವಿತ್ತು: ಹಿಂದೆ ಗದ್ದಲ ಇದ್ದರೆ ಧ್ವನಿ ಬೇಡ, ಕಿತ್ತುಹಾಕಿ. ಒಂದೇ ಕೋಣೆಯ ಮನೆಯಲ್ಲಿ ಏಳು ಜನ, ಎರಡು ಆಡು, ಹೊರಗೆ ನಳದ ಜಗಳ. ಕೇರಿಯಲ್ಲಿ ಗದ್ದಲ ಇಲ್ಲದ ಜಾಗ ಯಾವುದು, ಸುಡುಗಾಡು ಬಿಟ್ಟರೆ? ಎಷ್ಟು ಧ್ವನಿ ಕಿತ್ತುಹಾಕಿದೆನೋ ಲೆಕ್ಕವಿಟ್ಟಿಲ್ಲ. ಒಂದು ಕೂಸಿನ ಅಳುವಿಗೆ ಒಬ್ಬ ತಾಯಿಯ ಪೂರಾ ಮಾತು ಹೋಯಿತು, ಅದು ನೆನಪಿದೆ.

ಮೂರು ವಾರ ಮಾಡಿದೆ. ಆ ಮೂರು ವಾರ ನಾನು ಶಾಲೆಯ ಕೋಣೆಯ ಒಳಗೆ, ಜಮಖಾನೆಯ ಮೇಲೆ ಕುಂತಿದ್ದೆ. ಬೀಗದಕೈ ನನ್ನ ಉಡದಾರದಲ್ಲಿತ್ತು. ಮೇಜು ಎಳೆಯುವ ಧೈರ್ಯ ನನಗೆ ಬರಲಿಲ್ಲ; ಬಿಟ್ಟು ಬಂದೆ, ಅಷ್ಟೆ. ಬಿಟ್ಟು ಬರುವ ಮುಂಚೆ ಕೊನೆಯ ಕಂತಿನ ದುಡ್ಡು ತಗೊಂಡೇ ಬಂದೆ.

ಹೋದ ತಿಂಗಳು ಊರಿಗೆ ಹೋದಾಗ ನನ್ನ ಮೊಬೈಲಿನಲ್ಲಿ ಎಟಿಎಸ್-6ರ ಚಿತ್ರ ತೆಗೆದು ಆಯಿಗೆ ತೋರಿಸಿದೆ. ಬಿಚ್ಚಿದ ದೊಡ್ಡ ಛತ್ರಿ, ಎರಡು ಕಡೆ ಚಾಚಿದ ತೋಳು. ‘ಇದೇ ಆಯಿ, ನಿಮ್ಮ ಪೆಟಗಿಗೆ ಚಿತ್ರ ಕಳಿಸಿದ್ದು. ಆಫ್ರಿಕಾದ ಮ್ಯಾಲ ನಿಂತಿತ್ತು.’ ಹೇಳಿ, ಧ್ವನಿ ಹಿಡಿಯುವ ಗುಂಡಿ ಒತ್ತಿದೆ. ಹೊರಗೆ ಪಂಪಿನ ಸದ್ದು, ಮೊಮ್ಮಕ್ಕಳ ಕೂಗು, ಪಕ್ಕದ ಮನೆಯ ಮಾಳಿಗೆಯ ಮೇಲೆ ಫ್ರೀ ಡಿಶ್‌ನ ತಟ್ಟೆ ಗಾಳಿಗೆ ಕಿರ್ ಅನ್ನುವುದು, ಎಲ್ಲಾ ಅದರಲ್ಲಿ ಬಂದಿದೆ. ಆಯಿ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಮೊಬೈಲನ್ನು ಒಮ್ಮೆ ತಿರುಗಿಸಿ ಅದರ ಹಿಂಬದಿಯನ್ನೂ ನೋಡಿದಳು.

‘ಇದರ ಬೆನ್ನು ಯಾಕಡಿ ಇತ್ತೋ?’ ಅಂದಳು.

ಆಮೇಲೆ ನಾಲ್ಕು ನಿಮಿಷ ಮಾತಾಡಿದಳು. ಜಾಲಿ ಗಿಡ, ಅಜ್ಜ ತೋಡಿದ ಕುಣಿ, ಹಾಡುವ ಹುಡುಗಿ, ಮೂಗಬಟ್ಟು. ಆ ರಾತ್ರಿ ಕುಂತು ಬರೆದೆ. ‘ಕಂಡೀನಿ’ ಅಂದದ್ದನ್ನು ‘ಕಂಡೀನಿ’ ಅಂತಲೇ ಬರೆದಿದ್ದೇನೆ. ನಡುವೆ ಆಡು ಒದರಿದ ಕಡೆ ‘ಆಡು ಒದರಿತು’ ಅಂತಲೂ ಬರೆದಿದ್ದೇನೆ.